ದಮ್ಮಿಗೆ ಯಾವುದು ಸರಿ: ಪಂಪೋ, ಗುಳಿಗೆಯೋ, ಮಷಿನ್ನೋ, ಮೃಗಶಿರಾ ಮದ್ದೋ?

ಜಮಖಂಡಿಯ ನಮ್ಮ ಔಷಧ ಅಂಗಡಿಗೆ ದಮ್ಮಿನ, ಅಂದರೆ ಆಸ್ತಮಾದ, ಔಷಧ ಕೇಳಿ ಬರುವವರು ಎರಡು ಥರ. ಕೆಲವರು ಚೀಟಿ ತರುತ್ತಾರೆ, ಆದರೆ ಅದರಲ್ಲಿ ಬರೆದದ್ದರಲ್ಲಿ ಅರ್ಧ ಮಾತ್ರ ಕೊಳ್ಳುತ್ತಾರೆ. ಉಳಿದವರು ಚೀಟಿಯೇ ಇಲ್ಲದೆ "ಆ ನೀಲಿ ಪಂಪ್ ಒಂದು ಕೊಡ್ರಿ" ಅನ್ನುತ್ತಾರೆ. ಪಂಪ್ ಅಂದರೆ ಇನ್ಹೇಲರ್. ಇಬ್ಬರೂ ಯಾವುದು ಬೇಕು, ಯಾವುದು ಬೇಡ ಅಂತ ಮನೆಯಲ್ಲೇ ತೀರ್ಮಾನ ಮಾಡಿ ಬಂದಿರುತ್ತಾರೆ. ಆ ತೀರ್ಮಾನದ ಹಿಂದೆ ಪಕ್ಕದ ಮನೆಯವರ ಮಾತು, ವಾಟ್ಸಾಪಿನಲ್ಲಿ ಬಂದದ್ದು, ಸಂತೆಯಲ್ಲಿ ಕೇಳಿದ್ದು ಎಲ್ಲ ಇರುತ್ತದೆ. ಡಾಕ್ಟರು ಹೇಳಿದ್ದು ಕಡೆಗೆ.

ಜನ ಯಾವ್ಯಾವುದರ ನಡುವೆ ಆರಿಸಿಕೊಳ್ಳುತ್ತಾರೋ ಅದನ್ನೆಲ್ಲ ಪಕ್ಕಪಕ್ಕ ಇಟ್ಟು ನೋಡೋಣ. ನಾನು ಡಾಕ್ಟರ್ ಅಲ್ಲ, ಕೌಂಟರ್ ಹಿಂದೆ ನಿಲ್ಲುವವನು. ಡೋಸು ಎಷ್ಟು ಅನ್ನುವುದನ್ನು ನಿಮ್ಮ ಡಾಕ್ಟರೇ ಹೇಳಬೇಕು. ಆದರೆ ಯಾವ ಡಬ್ಬಿಯಲ್ಲಿ ಏನಿದೆ, ಅದು ಒಳಗೆ ಹೋಗಿ ಏನು ಮಾಡುತ್ತದೆ ಅನ್ನುವುದನ್ನು ಹೇಳುವುದು ನನ್ನ ಕೆಲಸ.

ನೀಲಿ ಪಂಪು ಮತ್ತು ದಿನದ ಪಂಪು

ದೊಡ್ಡ ಗೊಂದಲ ಇರುವುದೇ ಇಲ್ಲಿ. ಆಸ್ತಮಾದಲ್ಲಿ ಉಸಿರಿನ ನಾಳದ ಒಳಗೋಡೆ ಊದಿಕೊಂಡಿರುತ್ತದೆ. ಏನೂ ತೊಂದರೆ ಕಾಣದ ದಿನಗಳಲ್ಲೂ ಆ ಊತ ಸ್ವಲ್ಪ ಇದ್ದೇ ಇರುತ್ತದೆ. ಅದರ ಮೇಲೆ ಧೂಳೋ ಹೊಗೆಯೋ ನೆಗಡಿಯೋ ತಾಗಿತು ಅಂದರೆ ನಾಳದ ಸುತ್ತಲಿನ ಸ್ನಾಯು ಬಿಗಿಯುತ್ತದೆ, ಕಫ ಕಟ್ಟುತ್ತದೆ. ಆಗ ಎದೆಯಲ್ಲಿ ಸಿಳ್ಳೆ ಕೇಳಿಸುತ್ತದೆ, ದಮ್ಮು ಹತ್ತುತ್ತದೆ.

ನೀಲಿ ಪಂಪಿನಲ್ಲಿ ಇರುವುದು ಸಾಲ್ಬುಟಮಾಲ್. ಅಂಗಡಿಯಲ್ಲಿ ಎಲ್ಲರೂ ಕೇಳುವುದು ಅಸ್ತಾಲಿನ್ ಅಂತ. ಅದು ಬಿಗಿದ ಸ್ನಾಯುವನ್ನು ಸಡಿಲಿಸುತ್ತದೆ. ಐದು ನಿಮಿಷದಲ್ಲಿ ಹಾಯ್ ಅನಿಸುತ್ತದೆ, ನಾಲ್ಕರಿಂದ ಆರು ತಾಸು ಹಾಗೇ ಇರುತ್ತದೆ. ಊತಕ್ಕೆ ಮಾತ್ರ ಅದು ಏನೂ ಮಾಡುವುದಿಲ್ಲ. ಮಳೆಗಾಲದಲ್ಲಿ ಉಬ್ಬಿದ ಮರದ ಬಾಗಿಲಿಗೆ ಭುಜ ಕೊಟ್ಟು ನೂಕಿದಂತೆ. ಆ ಹೊತ್ತಿಗೆ ಬಾಗಿಲು ತೆರೆಯುತ್ತದೆ, ಉಬ್ಬಿದ್ದು ಉಬ್ಬಿದಂತೆಯೇ ಇರುತ್ತದೆ.

ಊತ ಇಳಿಸುವುದು ಎರಡನೇ ಪಂಪು. ಅದರಲ್ಲಿ ಬುಡೆಸೊನೈಡ್, ಬೆಕ್ಲೊಮೆಥಾಸೋನ್, ಫ್ಲುಟಿಕಾಸೋನ್ ಇಂಥ ಯಾವುದಾದರೂ ಸ್ಟೆರಾಯ್ಡ್ ಇರುತ್ತದೆ. ತೊಡಕು ಏನಂದರೆ ಇದು ಎಳೆದ ತಕ್ಷಣ ಏನೂ ಅನಿಸುವುದಿಲ್ಲ. ಗುಣ ಕಾಣಲು ಕೆಲವು ದಿನ, ಪೂರ್ತಿ ಹಿಡಿತಕ್ಕೆ ಬರಲು ವಾರಗಳೇ ಬೇಕು. "ಅದು ನನಗ ಹತ್ತಂಗಿಲ್ರಿ, ನೀಲಿದಾ ಕೊಡ್ರಿ" ಅಂತ ಜನ ಹೇಳುವುದು ಇದೇ ಕಾರಣಕ್ಕೆ. ತಕ್ಷಣ ಆರಾಮ ಕೊಟ್ಟದ್ದೇ ಒಳ್ಳೆ ಔಷಧ ಅಂತ ಮನಸ್ಸು ಲೆಕ್ಕ ಹಾಕಿಬಿಡುತ್ತದೆ. ಈ ಬರಹದಲ್ಲಿ ಮುಂದೆ ಬರುವ ಸುಮಾರು ಎಲ್ಲ ತಪ್ಪು ತಿಳಿವಳಿಕೆಯ ಬೇರು ಈ ಲೆಕ್ಕದಲ್ಲೇ ಇದೆ.

ಆಸ್ತಮಾಗೆ ಜಗತ್ತಿನ ಹೆಚ್ಚಿನ ಡಾಕ್ಟರುಗಳು ನೋಡುವುದು ಗಿನಾ ಎಂಬ ಮಾರ್ಗಸೂಚಿ. 2019ರಲ್ಲಿ ಅದು ತನ್ನ ಸಲಹೆಯನ್ನೇ ಬದಲಿಸಿತು. ದೊಡ್ಡವರಿಗೆ, ಹದಿಹರೆಯದವರಿಗೆ ಬರೀ ಸಾಲ್ಬುಟಮಾಲ್ ಒಂದನ್ನೇ ಕೊಟ್ಟು ಬಿಡಬಾರದು, ಜೊತೆಗೆ ಊತ ಇಳಿಸುವ ಔಷಧ ಇರಲೇಬೇಕು ಅಂತ. 200 ಪಫ್‌ನ (ಒಂದು ಸಲ ಒತ್ತಿದರೆ ಬರುವುದು ಒಂದು ಪಫ್) ನೀಲಿ ಪಂಪು ವರ್ಷಕ್ಕೆ ಮೂರು ಅಥವಾ ಅದಕ್ಕಿಂತ ಜಾಸ್ತಿ ಖಾಲಿ ಆಗುತ್ತಿದ್ದರೆ ಜೋರು ದಾಳಿ ಆಗುವ ಅಪಾಯ ಹೆಚ್ಚು. ತಿಂಗಳಿಗೊಂದು ಖಾಲಿ ಆಗುತ್ತಿದ್ದರೆ ಜೀವಕ್ಕೇ ಅಪಾಯ ಹೆಚ್ಚು. ನಮ್ಮಲ್ಲಿ ತಿಂಗಳಿಗೊಂದು ಒಯ್ಯುವವರು "ನನಗ ಆರಾಮ ಐತ್ರಿ" ಅಂತಲೇ ಒಯ್ಯುತ್ತಾರೆ.

ಮೂರನೇ ದಾರಿಯೊಂದಿದೆ. ಫಾರ್ಮೊಟೆರಾಲ್ ಮತ್ತು ಬುಡೆಸೊನೈಡ್ ಎರಡೂ ಸೇರಿದ ಪಂಪು. ಫೋರಾಕಾರ್ಟ್ ಅನ್ನುವ ಹೆಸರಲ್ಲಿ ಬರುವುದು ಇದೇ ಜೋಡಿ. ಫಾರ್ಮೊಟೆರಾಲ್ ಬೇಗ ಕೆಲಸ ಶುರು ಮಾಡುತ್ತದೆ, ಬಹಳ ಹೊತ್ತು ಇರುತ್ತದೆ. ಹಾಗಾಗಿ ಎಷ್ಟೋ ಜನರಿಗೆ ಇದೊಂದೇ ದಿನದ ಔಷಧವೂ ಆಗುತ್ತದೆ, ತೊಂದರೆ ಬಂದಾಗಿನ ಔಷಧವೂ ಆಗುತ್ತದೆ. ಎರಡು ಡಬ್ಬಿ ನೋಡಿಕೊಳ್ಳಲು ಆಗದವರು, ದಿನದ ಪಂಪನ್ನು ಮರೆಯುವವರು ಡಾಕ್ಟರ ಹತ್ತಿರ ಇದರ ಬಗ್ಗೆ ಕೇಳಬೇಕು. ನನ್ನನ್ನು ಕೇಳಿದರೆ ಆಯ್ಕೆ ಇರುವ ಕಡೆ ಇದೇ ಮೊದಲು. ಒಂದು ಎಚ್ಚರ: ಜೋಡಿ ಔಷಧ ಎಲ್ಲವೂ ಹೀಗಲ್ಲ. ಸಾಲ್ಮೆಟೆರಾಲ್ ಇರುವ ಜೋಡಿ ನಿಧಾನಕ್ಕೆ ಕೆಲಸ ಮಾಡುತ್ತದೆ, ದಮ್ಮು ಹತ್ತಿದಾಗ ಅದನ್ನು ಎಳೆಯುವಂತಿಲ್ಲ. ಡಬ್ಬಿಯ ಬಣ್ಣ ನೋಡಿ ಮೋಸ ಹೋಗಬೇಡಿ, ಹೆಸರು ಓದಿ.

ಪಂಪು "ಗಟ್ಟಿ", ಗುಳಿಗೆ "ಸೌಮ್ಯ"?

"ಪಂಪ್ ಹಚ್ಚಿದ್ರ ಚಟ ಆಗತೈತಿ, ಗುಳಿಗಿ ಕೊಡ್ರಿ." ಈ ಮಾತು ಕೇಳದ ವಾರವಿಲ್ಲ.

ಲೆಕ್ಕ ನೋಡೋಣ. ಸಾಲ್ಬುಟಮಾಲ್ ಪಂಪಿನ ಒಂದು ಪಫ್‌ನಲ್ಲಿ 100 ಮೈಕ್ರೋಗ್ರಾಂ ಔಷಧ. ಅದೇ ಸಾಲ್ಬುಟಮಾಲ್ ಗುಳಿಗೆ ಒಂದರಲ್ಲಿ 4 ಮಿಲಿಗ್ರಾಂ. ಒಂದು ಮಿಲಿಗ್ರಾಂ ಅಂದರೆ ಸಾವಿರ ಮೈಕ್ರೋಗ್ರಾಂ. ಅಂದರೆ ಒಂದು ಗುಳಿಗೆ ನುಂಗಿದರೆ ನಲವತ್ತು ಪಫ್‌ನಷ್ಟು ಔಷಧ ಒಳಗೆ ಹೋಯಿತು. ಗುಳಿಗೆ ಹೊಟ್ಟೆಗೆ ಹೋಗಿ, ರಕ್ತಕ್ಕೆ ಸೇರಿ, ಮೈತುಂಬ ಓಡಾಡಿ ಕಡೆಗೆ ಪುಪ್ಪುಸಕ್ಕೆ ಬರಬೇಕು. ಕೈ ನಡುಗುವುದು, ಎದೆ ಡವಡವ ಅನ್ನುವುದು ಅದಕ್ಕೇ. ಪಂಪಿನದು ನೇರವಾಗಿ ನಾಳಕ್ಕೇ ಹೋಗುವುದರಿಂದ ಸ್ವಲ್ಪವೇ ಸಾಕಾಗುತ್ತದೆ. ಈಗ ಹೇಳಿ, ಯಾವುದು ಗಟ್ಟಿ?

ಸ್ಟೆರಾಯ್ಡ್ ಎಂಬ ಹೆಸರಿಗೇ ಜನ ಬೆಚ್ಚುತ್ತಾರೆ. ಗರಡಿಮನೆ ಹುಡುಗರು ಮೈ ಉಬ್ಬಿಸಲು ತೆಗೆದುಕೊಳ್ಳುವುದು ಬೇರೆಯೇ ಜಾತಿಯದು, ಇದು ಅದಲ್ಲ. ಜೋರು ದಾಳಿಯಲ್ಲಿ ಡಾಕ್ಟರು ಕೊಡುವ ಪ್ರೆಡ್ನಿಸೊಲೋನ್ ಗುಳಿಗೆಯ ಡೋಸು ದೊಡ್ಡವರಿಗೆ ದಿನಕ್ಕೆ 40ರಿಂದ 50 ಮಿಲಿಗ್ರಾಂ ತನಕ ಇರುತ್ತದೆ. ಬುಡೆಸೊನೈಡ್ ಪಂಪಿನಲ್ಲಿ ಸಾಮಾನ್ಯವಾಗಿ ದಿನಕ್ಕೆ 200ರಿಂದ 400 ಮೈಕ್ರೋಗ್ರಾಂ. ಎರಡೂ ಬೇರೆ ಔಷಧ, ಹಾಗಾಗಿ ಅಂಕಿಯನ್ನು ಅಂಕಿಯ ಪಕ್ಕ ಇಟ್ಟು ಅಳೆಯುವುದು ಪೂರ್ತಿ ನ್ಯಾಯವಲ್ಲ, ಒಪ್ಪುತ್ತೇನೆ. ಆದರೂ ಪಂಪಿನದರಲ್ಲಿ ಗಂಟಲಿಗೆ ಅಂಟಿ ಹೊಟ್ಟೆಗೆ ಹೋದ ಭಾಗವನ್ನು ಲಿವರ್ ಬಹುಪಾಲು ಮುರಿದು ಹಾಕುತ್ತದೆ. ಮೈಗೆ ಸೇರುವುದು ಕಡಿಮೆ.

ಅಡ್ಡ ಪರಿಣಾಮ ಇಲ್ಲವೇ ಇಲ್ಲ ಅಂತ ಹೇಳುವುದಿಲ್ಲ. ಬಾಯಿ ಮುಕ್ಕಳಿಸಿ ಉಗುಳದಿದ್ದರೆ ನಾಲಿಗೆಯ ಮೇಲೆ ಬಿಳಿ ಪೊರೆಯಂತೆ ಬೂಸು ಬರಬಹುದು, ದನಿ ಒಡೆಯಬಹುದು. ಮಕ್ಕಳ ಬೆಳವಣಿಗೆಯ ಬಗ್ಗೆ ಅವ್ವಂದಿರು ಕೇಳುತ್ತಾರೆ. ವರ್ಷಗಟ್ಟಲೆ ತೆಗೆದುಕೊಂಡ ಮಕ್ಕಳ ಎತ್ತರದಲ್ಲಿ ಸುಮಾರು ಒಂದು ಸೆಂಟಿಮೀಟರ್ ವ್ಯತ್ಯಾಸ ಕಂಡಿದೆ. ಹಿಡಿತಕ್ಕೆ ಬಾರದ ಆಸ್ತಮಾ ಕೂಡ ಮಗುವಿನ ಬೆಳವಣಿಗೆಯನ್ನು ಹಿಡಿದು ನಿಲ್ಲಿಸುತ್ತದೆ. ನಿದ್ದೆ ಹಾಳು, ಶಾಲೆ ಹಾಳು, ಮೇಲೆ ದವಾಖಾನೆಯ ಸ್ಟೆರಾಯ್ಡ್ ಸೂಜಿ ಬೇರೆ.

ಚಟದ ಮಾತು: ಪಂಪು ಬಿಟ್ಟರೆ ದಮ್ಮು ವಾಪಸ್ಸು ಬರುವುದು ಕಾಯಿಲೆ ಇನ್ನೂ ಇರುವುದರಿಂದ. ಬಿಪಿ ಗುಳಿಗೆ ಬಿಟ್ಟರೆ ಬಿಪಿ ಏರುತ್ತದೆ. ಅದಕ್ಕೆ ಯಾರೂ ಚಟ ಅನ್ನುವುದಿಲ್ಲ ಅಲ್ವಾ?

ಇನ್ನು ಬೇರೆ ಗುಳಿಗೆಗಳು. ಥಿಯೋಫಿಲಿನ್ ಜಾತಿಯದು ನಮ್ಮ ಕಡೆ ಇನ್ನೂ ಬಹಳ ಓಡುತ್ತದೆ, ಅಗ್ಗ ಅಂತ. ಅದರಲ್ಲಿ ಗುಣ ಕೊಡುವ ಡೋಸಿಗೂ ವಾಂತಿ, ಎದೆಬಡಿತ ತರುವ ಡೋಸಿಗೂ ಅಂತರ ಕಡಿಮೆ. ಮಾಂಟೆಲುಕಾಸ್ಟ್ ಕೆಲವರಿಗೆ, ಅದರಲ್ಲೂ ಅಲರ್ಜಿ ನೆಗಡಿ ಜೊತೆಗಿದ್ದವರಿಗೆ ಉಪಯೋಗವೇ. ಆದರೆ 2020ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಅದರ ಮೇಲೆ ತನ್ನ ಅತಿ ಗಟ್ಟಿ ಎಚ್ಚರಿಕೆ ಹಾಕಿತು. ನಿದ್ದೆಗೆಡುವುದು, ಕೆಟ್ಟ ಕನಸು, ಮನಸ್ಸು ಕುಗ್ಗುವುದು ಇಂಥವು ಆಗಬಹುದು ಅಂತ. ಮಗು ಈ ಗುಳಿಗೆ ಶುರುವಾದ ಮೇಲೆ ವಿಚಿತ್ರವಾಗಿ ಆಡುತ್ತಿದ್ದರೆ ಡಾಕ್ಟರಿಗೆ ತಿಳಿಸಿ. "ಗುಳಿಗಿ ಅಂದ್ರ ನಿರಪಾಯ" ಅನ್ನುವುದು ಇಲ್ಲಿಗೆ ಮುಗಿಯಿತು.

ಹೊಗೆ ಪಂಪು, ಪುಡಿ ಪಂಪು, ಮನೆಗೊಂದು ಮಷಿನ್ನು

ತೇರದಾಳ ಕಡೆಯ ಒಬ್ಬ ಅಜ್ಜಿ ಕೌಂಟರಿಗೆ ಬಂದು "ತಮ್ಮಾ, ಈ ಗುಳಿಗಿ ಏನೂ ಹತ್ತವಲ್ದು" ಅಂದರು. ಸೆರಗಿನ ಗಂಟು ಬಿಚ್ಚಿ ತೆಗೆದದ್ದು ರೋಟಾಕ್ಯಾಪ್, ಅಂದರೆ ಯಂತ್ರದಲ್ಲಿಟ್ಟು ಒಳಗಿನ ಪುಡಿಯನ್ನು ಉಸಿರಲ್ಲಿ ಎಳೆಯಬೇಕಾದ ಕ್ಯಾಪ್ಸೂಲ್. ದಿನಕ್ಕೆ ಎರಡು ಹೊತ್ತು ನೀರಿನ ಜೊತೆ ನುಂಗಿದ್ದರು. ಅದರ ಯಂತ್ರ ಮನೆಯಲ್ಲಿ ಮೊಮ್ಮಗನ ಆಟಿಕೆಯಾಗಿತ್ತು. ಅಜ್ಜಿಯ ತಪ್ಪಿಲ್ಲ. ನೋಡಲು ಅದು ಕ್ಯಾಪ್ಸೂಲ್ ಗುಳಿಗೆಯೇ. ಹೇಗೆ ಬಳಸುವುದು ಅಂತ ಯಾರೂ ಒಮ್ಮೆ ಮಾಡಿ ತೋರಿಸಿರಲಿಲ್ಲ.

ಪುಡಿ ಪಂಪು, ಅಂದರೆ ರೋಟಾಹೇಲರ್, ಕಲಿಯಲು ಸುಲಭ. ಕೈ ಒತ್ತುವುದಕ್ಕೂ ಉಸಿರು ಎಳೆಯುವುದಕ್ಕೂ ತಾಳ ಕೂಡಿಸಬೇಕಿಲ್ಲ. ಆದರೆ ಜೋರಾಗಿ, ರಭಸದಿಂದ ಎಳೆಯಬೇಕು. ಐದಾರು ವರ್ಷದೊಳಗಿನ ಮಕ್ಕಳಿಗೆ, ದಮ್ಮು ಪೂರ್ತಿ ಹತ್ತಿ ಕುಳಿತವರಿಗೆ ಅಷ್ಟು ಎಳೆಯಲು ಆಗುವುದಿಲ್ಲ. ಇನ್ನೊಂದು, ತೇವ ಅದಕ್ಕೆ ಆಗದು. ಬೆಳಗಾವಿ, ಖಾನಾಪುರದ ಜುಲೈ ಮಳೆಯಲ್ಲಿ ಡಬ್ಬಿಯ ಮುಚ್ಚಳ ತೆರೆದಿಟ್ಟರೆ ಪುಡಿ ಗಂಟು ಕಟ್ಟುತ್ತದೆ. ಯಂತ್ರದೊಳಗೆ ಉಸಿರು ಬಿಡಬಾರದು ಅನ್ನುವುದೂ ಇದಕ್ಕೇ.

ಹೊಗೆಯಂತೆ ಬರುವ ಒತ್ತುವ ಪಂಪಿಗೆ ಇದರ ಉಲ್ಟಾ ಲೆಕ್ಕ. ಅಲುಗಾಡಿಸಿ, ಉಸಿರು ಹೊರಗೆ ಬಿಟ್ಟು, ತುಟಿ ಬಿಗಿ ಮಾಡಿ, ನಿಧಾನವಾಗಿ ಎಳೆಯಲು ಶುರು ಮಾಡುತ್ತಲೇ ಒತ್ತಿ, ಆಳಕ್ಕೆ ಎಳೆದು, ಹತ್ತು ಎಣಿಸುವ ತನಕ ಉಸಿರು ಹಿಡಿಯಬೇಕು. ಎಷ್ಟೋ ಜನ ಬಾಯಿ ತೆರೆದು ಗಂಟಲಿಗೆ ಅತ್ತರ್ ಹೊಡೆದಂತೆ ಹೊಡೆದುಕೊಳ್ಳುತ್ತಾರೆ. ಔಷಧವೆಲ್ಲ ನಾಲಿಗೆಗೆ.

ಅದಕ್ಕೆ ಸ್ಪೇಸರ್ ಇದೆ. ಪಂಪು ಮತ್ತು ಬಾಯಿಯ ನಡುವೆ ಇಡುವ ಪ್ಲಾಸ್ಟಿಕ್ ಕೊಳವೆ. ಔಷಧ ಅದರಲ್ಲಿ ನಿಲ್ಲುತ್ತದೆ, ನೀವು ಸಾವಕಾಶ ಉಸಿರಾಡಿದರೆ ಸಾಕು. ಚಿಕ್ಕ ಮಕ್ಕಳಿಗೆ ಮುಖಕ್ಕೆ ಕೂರುವ ಮಾಸ್ಕ್ ಸಹಿತ ಸಿಗುತ್ತದೆ. ಸೋಪಿನ ನೀರಲ್ಲಿ ಅದ್ದಿ ತೆಗೆದು ಹಾಗೇ ಗಾಳಿಗೆ ಒಣಗಲು ಬಿಡಿ. ಬಟ್ಟೆಯಿಂದ ಒರೆಸಿದರೆ ಔಷಧ ಪ್ಲಾಸ್ಟಿಕ್‌ಗೇ ಅಂಟುತ್ತದೆ. ಕೊಳ್ಳಲು ಆಗದಿದ್ದರೆ? ದಕ್ಷಿಣ ಆಫ್ರಿಕಾದಲ್ಲಿ ಮಕ್ಕಳ ಮೇಲೆ ನಡೆಸಿ 1999ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ 500 ಮಿಲಿಯ ಪ್ಲಾಸ್ಟಿಕ್ ಬಾಟಲಿಯ ತಳಕ್ಕೆ ಪಂಪು ಕೂರುವಷ್ಟು ತೂತು ಮಾಡಿ, ಸಂದಿ ಇಲ್ಲದಂತೆ ಮುಚ್ಚಿ ಬಳಸಿದರು. ಅದು ಅಂಗಡಿಯ ಸ್ಪೇಸರಿನಷ್ಟೇ ಕೆಲಸ ಮಾಡಿತು. ಥರ್ಮಾಕೋಲ್ ಕಪ್ಪು ಮಾತ್ರ ಸೋತಿತು.

ಈಗ ಮಷಿನ್ನು. ದಾಳಿಯಾಗಿ ದವಾಖಾನೆಗೆ ಹೋದಾಗ ನೆಬ್ಯುಲೈಸರ್ (ಔಷಧವನ್ನು ಮಂಜಿನಂತೆ ಮಾಡಿ ಉಸಿರಿಗೆ ಕೊಡುವ ಮಷಿನ್ನು) ಹಚ್ಚಿದ್ದನ್ನು ನೋಡಿದವರು ಅದೇ ಎಲ್ಲಕ್ಕಿಂತ ದೊಡ್ಡ ಔಷಧ ಅಂತ ತಿಳಿದು ಮನೆಗೊಂದು ಕೊಳ್ಳುತ್ತಾರೆ. ಸುಮ್ನೆ ಖರ್ಚು, ಬಹಳ ಮನೆಗಳಲ್ಲಿ. ಒಳಗೆ ಹಾಕುವುದು ಅದೇ ಸಾಲ್ಬುಟಮಾಲ್. ಜೀವಕ್ಕೆ ಬಾರದ ಮಟ್ಟದ ದಾಳಿಯಲ್ಲಿ ಸ್ಪೇಸರ್ ಮೂಲಕ ಕೊಟ್ಟ ಪಂಪು ಮಷಿನ್ನಿನಷ್ಟೇ ಗುಣ ಕೊಡುತ್ತದೆ ಅಂತ ಹತ್ತಾರು ಅಧ್ಯಯನಗಳನ್ನು ಕೂಡಿಸಿ ನೋಡಿದಾಗ ಕಂಡಿದೆ. ಮಕ್ಕಳಲ್ಲಂತೂ ಎದೆಬಡಿತ ಕಡಿಮೆ ಏರಿತು, ತುರ್ತು ವಿಭಾಗದಿಂದ ಬೇಗ ಬಿಡುಗಡೆಯೂ ಆಯಿತು. ಸ್ಪೇಸರಿಗೆ ಕೆಲವು ನೂರು ರೂಪಾಯಿ, ಮಷಿನ್ನಿಗೆ ಸಾವಿರದ ಮೇಲೆ. ಕರೆಂಟ್ ಹೋದರೆ ಮಷಿನ್ನು ಮೂಲೆಗೆ. ತೊಳೆಯದಿದ್ದರೆ ಅದರ ಕಪ್ಪಿನಲ್ಲೇ ರೋಗಾಣು ಬೆಳೆಯುತ್ತವೆ. ತೀರಾ ಚಿಕ್ಕ ಮಕ್ಕಳು, ತೀರಾ ವಯಸ್ಸಾದವರು, ಡಾಕ್ಟರೇ ಹೇಳಿದವರು ಇಟ್ಟುಕೊಳ್ಳಲಿ. ಉಳಿದವರು ಆ ದುಡ್ಡನ್ನು ದಿನದ ಪಂಪಿಗೆ ಹಾಕುವುದು ಲೇಸು. ಸರ್ಕಾರಿ ಆಸ್ಪತ್ರೆಯಲ್ಲಿ, ಜನೌಷಧಿ ಕೇಂದ್ರದಲ್ಲಿ ಇದೇ ಔಷಧ ಕಡಿಮೆಗೆ ಸಿಗುತ್ತದೆಯೇ ಅಂತ ಕೇಳಿ ನೋಡಿ. ನನ್ನ ವ್ಯಾಪಾರಕ್ಕೆ ಇದು ಒಳ್ಳೆ ಸಲಹೆಯಲ್ಲ, ಇರಲಿ.

ಮೃಗಶಿರಾ ಮದ್ದು, ಮತ್ತು ಪುಡಿ

ಜೂನ್ 7–8ರ ಸುಮಾರಿಗೆ ಮೃಗಶಿರಾ ಕೂಡುತ್ತದೆ. ಹೈದರಾಬಾದಿನ ನಾಂಪಲ್ಲಿ ಮೈದಾನಕ್ಕೆ ನಮ್ಮ ಕಡೆಯಿಂದಲೂ ಜನ ಹೋಗುತ್ತಾರೆ. ಸಣ್ಣ ಜೀವಂತ ಮೀನಿನ ಬಾಯಲ್ಲಿ ಹಳದಿ ಮದ್ದು ಇಟ್ಟು ನುಂಗಿಸುತ್ತಾರೆ, ಮೀನು ತಿನ್ನದವರಿಗೆ ಬೆಲ್ಲದಲ್ಲಿ. ಉತ್ತರ ಕರ್ನಾಟಕದ ಹಳ್ಳಿಗಳಲ್ಲೂ ಆ ದಿನ ದಮ್ಮಿನ ಮದ್ದು ಕೊಡುವವರಿದ್ದಾರೆ.

ಹೋಗಿ ಬಂದವರು ಗುಣ ಆಯಿತು ಅನ್ನುವುದು ಸುಳ್ಳಲ್ಲ. ಏಕೆ ಅಂತ ಯೋಚಿಸಿ. ಫೆಬ್ರವರಿ, ಮಾರ್ಚಿನಲ್ಲಿ ಜೋಳದ ರಾಶಿ, ಕಬ್ಬಿನ ರವದಿ ಸುಡುವ ಹೊಗೆ, ಏಪ್ರಿಲ್, ಮೇನಲ್ಲಿ ಧೂಳು. ಜೂನಿನಲ್ಲಿ ಮಳೆ ಬಿದ್ದು ಧೂಳು ಕುಳಿತಿತು ಅಂದರೆ ನಮ್ಮ ಬಯಲು ಸೀಮೆಯ ಎಷ್ಟೋ ಜನರಿಗೆ ಉಸಿರು ತಾನೇ ಸಲೀಸಾಗುತ್ತದೆ. ಕೆಲವು ಮಕ್ಕಳಿಗೆ ಬೆಳೆಯುತ್ತ ದಮ್ಮು ತಾನಾಗಿಯೇ ಕಡಿಮೆ ಆಗುತ್ತದೆ. ಹೆಸರು ಮಾತ್ರ ಮದ್ದಿಗೆ ಬರುತ್ತದೆ. ಆ ಮದ್ದು ಆಸ್ತಮಾವನ್ನು ಗುಣಪಡಿಸುತ್ತದೆ ಅನ್ನುವುದಕ್ಕೆ ವೈದ್ಯಕೀಯ ಪುರಾವೆ ಇಲ್ಲ. ಹೋಗಲೇಬೇಕು ಅನ್ನುವವರನ್ನು ನಾನು ತಡೆಯುವುದಿಲ್ಲ. ಆದರೆ ಪಂಪು ಜೇಬಿನಲ್ಲಿರಲಿ, ದಿನದ ಡೋಸು ತಪ್ಪದಿರಲಿ.

ನನಗೆ ಮೀನಿಗಿಂತ ಜಾಸ್ತಿ ಭಯ ಚೀಟಿ ಇಲ್ಲದ ಪುಡಿ ಪೊಟ್ಟಣದ್ದು. "ಗಿಡಮೂಲಿಕೆ" ಅಂತ ಮಾರುವ ಕೆಲವು ಪುಡಿಗಳಲ್ಲಿ ಸ್ಟೆರಾಯ್ಡ್ ಬೆರೆಸಿದ್ದು ಪತ್ತೆಯಾಗಿದೆ. ಎರಡೇ ದಿನದಲ್ಲಿ ಜಾದೂ ಆದಂತೆ ಉಸಿರು ಬಂದು, ಹಸಿವು ಹೆಚ್ಚಿ, ಮುಖ ದುಂಡಗಾದರೆ ಸಂಶಯಪಡಿ. ಪಂಪಿನ ಸ್ಟೆರಾಯ್ಡಿಗೆ ಹೆದರಿ ಓಡಿದವರು ಎಷ್ಟಿದೆಯೋ ಗೊತ್ತಿಲ್ಲದ ಸ್ಟೆರಾಯ್ಡ್ ನುಂಗುತ್ತಿರುತ್ತಾರೆ. ತಿಂಗಳುಗಟ್ಟಲೆ ತಿಂದಿದ್ದರೆ ಒಮ್ಮೆಲೆ ನಿಲ್ಲಿಸಬೇಡಿ. ಪೊಟ್ಟಣ ಹಿಡಿದುಕೊಂಡೇ ಡಾಕ್ಟರ ಹತ್ತಿರ ಹೋಗಿ.

ಮೊಸರು ಬಿಡುವುದೋ, ಊರು ಬಿಡುವುದೋ

ರೊಟ್ಟಿ, ಶೇಂಗಾ ಚಟ್ನಿ, ಮೊಸರು. ಇದರಲ್ಲಿ ಮೊಸರು ಕಿತ್ತುಕೊಂಡರೆ ನಮ್ಮ ಊಟವೇ ಅಲ್ಲ. ದಮ್ಮಿದ್ದ ಮಗುವಿಗೆ ಮೊದಲು ಬಂದ್ ಆಗುವುದು ಮೊಸರು, ಬಾಳೆಹಣ್ಣು. ಹಾಲು ಮೊಸರು ಕಫ ಹೆಚ್ಚಿಸುತ್ತವೆ ಅನ್ನುವುದಕ್ಕೆ ಪುರಾವೆ ಇಲ್ಲ. ನಿಮ್ಮ ಮಗುವಿಗೆ ಒಂದು ಪದಾರ್ಥ ತಿಂದಾಗಲೆಲ್ಲ ಆಗುತ್ತದೆ ಅಂತ ಕಂಡರೆ ಅದನ್ನು ಬಿಡಿಸಿ, ಡಾಕ್ಟರಿಗೆ ಹೇಳಿ. ಎಲ್ಲ ಮಕ್ಕಳ ತಟ್ಟೆಯಿಂದ ಎಲ್ಲ ತೆಗೆಯಬೇಡಿ.

ತಟ್ಟೆಗಿಂತ ಗಾಳಿಯ ಕಡೆ ನೋಡಿ. ಮಗುವಿಗೆ ಎರೆದ ಮೇಲೆ ಕೋಣೆ ಮುಚ್ಚಿ ಲೋಬಾನದ ಹೊಗೆ ಹಾಕುವುದು, ಸೊಳ್ಳೆ ಬತ್ತಿ, ಒಲೆಯ ಹೊಗೆ, ಮನೆಯಲ್ಲಿ ಬೀಡಿ. ಹೊಲದ ಬದುವಿನ ಕಾಂಗ್ರೆಸ್ ಕಸದ ಹೂಪುಡಿ. ಬನಹಟ್ಟಿ, ರಬಕವಿಯ ಮಗ್ಗದ ಮನೆಯ ಹತ್ತಿಯ ಧೂಳು. ವಿಜಯಪುರದ ಕಡೆ ದ್ರಾಕ್ಷಿ ಒಣಗಿಸುವವರು ಬಣ್ಣ ಕೆಡದಿರಲಿ ಅಂತ ಗಂಧಕದ ಹೊಗೆ ಕೊಡುತ್ತಾರಲ್ಲ, ಅದು ದಮ್ಮಿನವರಿಗೆ ನೇರ ಏಟು. ಚಿಂಚಲಿ ಮಾಯಕ್ಕನ ಜಾತ್ರೆಗೆ ಹೋಗಬೇಡಿ ಅಂತ ಹೇಳುವ ಧೈರ್ಯ ನನಗಿಲ್ಲ. ಭಂಡಾರ (ಅರಿಶಿನ ಪುಡಿ) ಹಾರುವಾಗ ಮೂಗಿಗೆ ಬಟ್ಟೆ ಕಟ್ಟಿಕೊಂಡು ಸ್ವಲ್ಪ ದೂರ ನಿಲ್ಲಿ.

"ಬೆಳಗಾವಿ ಥಂಡಿ ಆಗವಲ್ದು, ವಿಜಯಪುರಕ್ಕ ಹೋದ್ರ ಕಡಿಮಿ ಆಗತೈತೇನು?" ಇದೂ ಕೇಳುತ್ತಾರೆ. ಬೆಳಗಾವಿಯ ತೇವದಲ್ಲಿ ಗೋಡೆಗೆ ಬೂಸು, ಹಾಸಿಗೆಯಲ್ಲಿ ಕಣ್ಣಿಗೆ ಕಾಣದ ಧೂಳುಹುಳ ಜಾಸ್ತಿ. ವಿಜಯಪುರದ ಒಣ ಹವೆಯಲ್ಲಿ ಇವು ಕಡಿಮೆ, ಆದರೆ ಧೂಳು, ರಾಶಿಯ ಹೊಟ್ಟು ಜಾಸ್ತಿ. ನಿಮಗೆ ಆಗದ್ದು ಯಾವುದು ಅಂತ ತಿಳಿಯದೆ ಮನೆ ಖಾಲಿ ಮಾಡಿದರೆ ಬಾಡಿಗೆ ಬದಲಾಗುತ್ತದೆ, ದಮ್ಮು ಬದಲಾಗದೆ ಇರಬಹುದು. ಮೊದಲು ಹಾಸಿಗೆ, ಕೌದಿ ಬಿಸಿಲಿಗೆ ಹಾಕಿ, ಹೊದಿಕೆಗಳನ್ನು ವಾರಕ್ಕೊಮ್ಮೆ ಬಿಸಿನೀರಲ್ಲಿ ಒಗೆಯಿರಿ.

ಆಟದ ವಿಷಯ ಚುಟುಕಾಗಿ: ಬಿಡಿಸಬೇಡಿ. ಕುಸ್ತಿ, ಕಬಡ್ಡಿ ಆಡುವ ಹುಡುಗರಿಗೆ ಓಡಿದಾಗ ದಮ್ಮು ಬಂದರೆ ಹಿಡಿತ ಸಾಲದು ಅಂತ ಅರ್ಥ, ಡಾಕ್ಟರು ಔಷಧ ಹೊಂದಿಸುತ್ತಾರೆ. ಬಸುರಿಯರೂ ಪಂಪು ಬಿಡಬಾರದು. ತಾಯಿಗೆ ಉಸಿರು ಸಾಲದಿದ್ದರೆ ಒಳಗಿನ ಕೂಸಿಗೂ ಸಾಲದು.

ಇದು ಆಸ್ತಮಾ ಹೌದೋ ಅಲ್ಲವೋ

ವಯಸ್ಸಾದ ಮೇಲೆ ದಮ್ಮು ಶುರುವಾದ ಬೀಡಿ ಸೇದುವವರು, ಜೀವನವಿಡೀ ಒಲೆಯ ಮುಂದೆ ರೊಟ್ಟಿ ಬಡಿದ ಹೆಣ್ಣುಮಕ್ಕಳು ಇವರದು ಸಿಒಪಿಡಿ, ಅಂದರೆ ವರ್ಷಗಟ್ಟಲೆ ಹೊಗೆ ಕುಡಿದು ಉಸಿರಿನ ನಾಳ ಕೆಟ್ಟ ಬೇರೆ ಕಾಯಿಲೆ, ಆಗಿರಬಹುದು. ಅದರ ಔಷಧದ ಲೆಕ್ಕವೇ ಬೇರೆ. ಊದುವ ಪರೀಕ್ಷೆ, ಅಂದರೆ ಸ್ಪೈರೊಮೆಟ್ರಿ, ಮಾಡಿಸಿದರೆ ತಿಳಿಯುತ್ತದೆ. ಬೆಳಗಾವಿಯ ಬಿಮ್ಸ್ ಮತ್ತು ಕೆಎಲ್‌ಇ, ಬಾಗಲಕೋಟೆಯ ಹಾನಗಲ್ ಶ್ರೀ ಕುಮಾರೇಶ್ವರ ಆಸ್ಪತ್ರೆ, ವಿಜಯಪುರದ ಬಿಎಲ್‌ಡಿಇ ಇಂಥ ಮೆಡಿಕಲ್ ಕಾಲೇಜು ಆಸ್ಪತ್ರೆಗಳ ಶ್ವಾಸಕೋಶ ವಿಭಾಗದಲ್ಲಿ ವಿಚಾರಿಸಿ. ಬೇರೆ ಔಷಧ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ತೋರಿಸಿ. ಆಸ್ಪಿರಿನ್, ಡೈಕ್ಲೊಫೆನಾಕ್‌ನಂಥ ನೋವಿನ ಗುಳಿಗೆ ಕೆಲವರಿಗೆ ದಮ್ಮು ಎಬ್ಬಿಸುತ್ತದೆ. ಬಿಪಿ, ಎದೆಬಡಿತಕ್ಕೆ ಕೊಡುವ ಪ್ರೊಪ್ರನೊಲಾಲ್ ಜಾತಿಯ ಗುಳಿಗೆ, ಗ್ಲಾಕೋಮಾಗೆ ಹಾಕುವ ಟಿಮೊಲಾಲ್ ಕಣ್ಣಿನ ಹನಿ ಕೂಡ.

ದಮ್ಮು ಹತ್ತಿದಾಗ: ಕಾಯುವುದೋ, ಹೊರಡುವುದೋ

ಮಲಗಿಸಬೇಡಿ, ಕೂರಿಸಿ. ಸ್ಪೇಸರ್ ಇದ್ದರೆ ನೀಲಿ ಪಂಪಿನ ಒಂದು ಪಫ್, ನಾಲ್ಕು ಉಸಿರು. ಹೀಗೆ ಒಂದಾದ ಮೇಲೊಂದು ನಾಲ್ಕು ಪಫ್. ನಾಲ್ಕು ನಿಮಿಷ ನೋಡಿ. ಕಡಿಮೆ ಆಗದಿದ್ದರೆ ಇನ್ನೂ ನಾಲ್ಕು ಕೊಡಿ, ಜೊತೆಗೇ 108ಕ್ಕೆ ಫೋನ್ ಮಾಡಿ. ಒಂದು ವಾಕ್ಯ ಪೂರ್ತಿ ಮಾತಾಡಲು ಆಗುತ್ತಿಲ್ಲ, ತುಟಿ ನೀಲಿ, ಮಗುವಿನ ಪಕ್ಕೆಲುಬಿನ ಸಂದಿ ಒಳಗೆ ಎಳೆಯುತ್ತಿದೆ, ಮಂಕಾಗಿದೆ ಅಂದರೆ ನಾಲ್ಕು ನಿಮಿಷವೂ ಕಾಯಬೇಡಿ. ಸಿಳ್ಳೆ ಶಬ್ದ ಒಮ್ಮೆಲೆ ನಿಂತು ಒದ್ದಾಟ ಮಾತ್ರ ಉಳಿದರೆ ಕಡಿಮೆ ಆಯಿತು ಅಂತ ತಿಳಿಯಬೇಡಿ. ಗಾಳಿಯೇ ಆಡುತ್ತಿಲ್ಲ ಅಂತ ಅರ್ಥ. ಗಾಡಿ ಬರುವ ತನಕ ನಾಲ್ಕು ನಿಮಿಷಕ್ಕೊಮ್ಮೆ ನಾಲ್ಕು ಪಫ್ ಕೊಡುತ್ತಲೇ ಇರಿ, ದಾರಿಯಲ್ಲಿ ತೋರಿಸಲು ಎಲ್ಲ ಔಷಧದ ಡಬ್ಬಿ ಚೀಲಕ್ಕೆ ಹಾಕಿಕೊಳ್ಳಿ.